ನೀರೊಳಗಿನ ಮೀನು ತೋರಿಸುವ ಪೆಟ್ಟಿಗೆ ಎಲ್ಲಿಂದ ಬಂತು?

ಮೈಸೂರಿನ ಪಕ್ಕದ ವರುಣ ಕೆರೆಯಲ್ಲಿ ಕಯಾಕ್ ಎಂಬ ಸಣ್ಣ ದೋಣಿಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಒಬ್ಬರೋ ಇಬ್ಬರೋ ಕೂರುವ ಉದ್ದನೆಯ ಪ್ಲಾಸ್ಟಿಕ್ ದೋಣಿ, ಎರಡೂ ತುದಿ ಅಗಲವಾಗಿರುವ ಒಂದೇ ಹುಟ್ಟು. ಅಲ್ಲಿ ಅದು ಆಟಕ್ಕೆ. ಹೊರದೇಶಗಳಲ್ಲಿ ಇದೇ ದೋಣಿಯಲ್ಲಿ ಕೂತು ಗಾಳ ಹಾಕುತ್ತಾರೆ, ಮುಂದೆ ಮೊಬೈಲಿಗಿಂತ ಸ್ವಲ್ಪ ದೊಡ್ಡದಾದ ಒಂದು ಪರದೆ ಇಟ್ಟುಕೊಂಡಿರುತ್ತಾರೆ. ಅದರ ಹೆಸರು ಫಿಶ್ ಫೈಂಡರ್. ಮೊಬೈಲಿನಲ್ಲಿ ಇಂಥ ವಿಡಿಯೋ ನೋಡಿದ ಓದುಗರು ನಮ್ಮನ್ನು ಕೇಳುವುದು ಹೆಚ್ಚುಕಡಿಮೆ ಮೂರೇ ಪ್ರಶ್ನೆ. ಅದರೊಳಗೆ ಕ್ಯಾಮೆರಾ ಇದೆಯಾ? ನಮ್ಮ ಹರಿಗೋಲಿಗೂ ಹಾಕಬಹುದಾ? ಹಾಕಿದವರು ಏನೂ ಕಾಣಿಸಲಿಲ್ಲ ಅಂತಾರಲ್ಲ, ಯಾಕೆ?

ಕ್ಯಾಮೆರಾ ಇಲ್ಲ. ಅದು ಕಣ್ಣಲ್ಲ, ಕಿವಿ. ಉಳಿದ ಎರಡು ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಈ ಕಿವಿ ಮನುಷ್ಯನಿಗೆ ಹೇಗೆ ಬಂತು ಎಂದು ನೋಡಬೇಕಾಗುತ್ತದೆ. ಸ್ವಲ್ಪ ಉದ್ದದ ಕಥೆ, ಬಸ್ಸಿನಲ್ಲಿ ಕೂತು ಓದಿಕೊಳ್ಳಿ.

ಗಳ, ಮಾರು, ಮಡು

ನೀರಿನ ಆಳ ನೋಡುವುದಕ್ಕೆ ನಮ್ಮವರಿಗೆ ಯಂತ್ರ ಬೇಕಿರಲಿಲ್ಲ. ಬಿದಿರಿನ ಗಳ ಇತ್ತು. ಗಳ ಮುಟ್ಟದ ಕಡೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ ಆಯಿತು. ಎಳೆದುಕೊಂಡ ಹಗ್ಗವನ್ನು ಎರಡು ಕೈ ಚಾಚಿ ಅಳೆದರೆ ಇಷ್ಟು ಮಾರು. ಇಂಗ್ಲಿಷರ ಹಡಗಿನವರು ಆಳ ಹೇಳುವ ಫ್ಯಾದಮ್ ಕೂಡ ಇದೇ ಮಾರು, ಆರು ಅಡಿ. ಅವರು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ, ಅದರ ತಳದ ಕುಳಿಗೆ ಪ್ರಾಣಿಯ ಕೊಬ್ಬು ಮೆತ್ತುತ್ತಿದ್ದರು. ಮೇಲೆ ಬಂದಾಗ ಕೊಬ್ಬಿಗೆ ಮರಳು ಅಂಟಿದೆಯೋ ಕೆಸರೋ ಎಂದು ನೋಡಿ ತಳ ಎಂಥದ್ದು ಅಂತ ಹೇಳುತ್ತಿದ್ದರು. ನಮ್ಮ ಗಳದ ತುದಿಗೆ ಹತ್ತಿದ ಮಣ್ಣು ಹೇಳುವುದೂ ಇದನ್ನೇ.

ಹರಿಗೋಲು ಕೂಡ ಇಂದು ನಿನ್ನೆಯದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಹೊಳೆ ದಾಟಿಸುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ. ಗಿರಗಿರ ತಿರುಗುತ್ತಲೇ ಹೋಗುತ್ತವೆ ಎಂಬುದೂ ಅವನ ಕಣ್ಣಿಗೆ ಬಿದ್ದಿದೆ. ಚರ್ಮದ ಜಾಗಕ್ಕೆ ಆಮೇಲೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ, ಈಗ ಫೈಬರ್ ಬಂದಿದೆ. ತಿರುಗುವುದು ಮಾತ್ರ ನಿಂತಿಲ್ಲ.

ಮೀನು ಎಲ್ಲಿದೆ ಎಂಬುದು ಬೇರೆ ವಿದ್ಯೆ. ಕಾವೇರಿ, ಕಬಿನಿ ದಡದ ಬೆಸ್ತರಿಗೆ ಯಾವ ಮಡು ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾವ ಬಂಡೆಯ ಮರೆಯಲ್ಲಿ ಮೀನು ನಿಲ್ಲುತ್ತದೆ, ಹೊಸ ನೀರು ಬಂದಾಗ ಎತ್ತ ಏರುತ್ತದೆ ಎಂಬುದು ಬಾಯಿಪಾಠ. ಈ ತಿಳಿವಳಿಕೆಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮೈಸೂರಿನದೇ ಒಂದು ದಾಖಲೆ ಇದೆ. ಅರಮನೆಗೂ ಬೇಟೆಗಾರರಿಗೂ ಹುಲಿ ಚಿರತೆಗಳ ಚರ್ಮ ತುಂಬಿ ನಿಲ್ಲಿಸಿಕೊಡುತ್ತಿದ್ದ ವ್ಯಾನ್ ಇಂಗೆನ್ ಕುಟುಂಬವನ್ನು ಮೈಸೂರಿನ ಹಿರಿಯರು ಬಲ್ಲರು. ಆ ಮನೆಯ ಡಿ ವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್ 22ರಂದು ಕಬಿನಿ ಹೊಳೆಯಲ್ಲಿ ಗಾಳದಿಂದ 120 ಪೌಂಡಿನ ಮಹಶೀರ್ ಮೀನನ್ನು ಹಿಡಿದರು. ಸುಮಾರು 54 ಕೆ.ಜಿ. ಮೀನು! ಆಗ ಕಬಿನಿಗೆ ಅಣೆಕಟ್ಟು ಇರಲಿಲ್ಲ. ಮೀನು ಹುಡುಕುವ ಪೆಟ್ಟಿಗೆಯೂ ಮಾರಾಟಕ್ಕೆ ಬಂದಿರಲಿಲ್ಲ, ಅದಕ್ಕಿನ್ನೂ ಎರಡು ವರ್ಷ ಬಾಕಿ ಇತ್ತು.

ಒಂದು ಗಂಟೆ, ಒಂದು ಹಡಗು, ಒಂದು ಯುದ್ಧ

1826ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಎರಡು ದೋಣಿಗಳಲ್ಲಿ ರಾತ್ರಿ ಹೊರಟರು. ಒಂದು ದೋಣಿಯಿಂದ ನೀರೊಳಗೆ ಗಂಟೆ ಇಳಿಬಿಟ್ಟಿದ್ದರು. ಗಂಟೆ ಬಾರಿಸಿದ ಕ್ಷಣವೇ ಮೇಲೆ ಮದ್ದಿನ ಪುಡಿ ಭಗ್ಗೆಂದು ಉರಿಯುವಂತೆ ಏರ್ಪಾಡು. ಹತ್ತಾರು ಕಿಲೋಮೀಟರ್ ಆಚೆಯ ಇನ್ನೊಂದು ದೋಣಿಯವನು ಉದ್ದನೆಯ ಕೊಳವೆಯನ್ನು ನೀರಿಗಿಳಿಸಿ ಕಿವಿಗೊಟ್ಟು ಕೂತಿದ್ದ. ಬೆಳಕು ಕಂಡ ಎಷ್ಟು ಹೊತ್ತಿಗೆ ಸದ್ದು ಬಂತು ಎಂದು ಎಣಿಸಿದ. ನೀರಿನಲ್ಲಿ ಸದ್ದು ಸೆಕೆಂಡಿಗೆ 1,435 ಮೀಟರ್ ಓಡುತ್ತದೆ ಎಂದು ಲೆಕ್ಕ ಸಿಕ್ಕಿತು. ಗಾಳಿಯಲ್ಲಿ ಅದು ಓಡುವುದು ಸುಮಾರು 340 ಮೀಟರ್. ನಮ್ಮ ಬೆಚ್ಚನೆಯ ನೀರಿನಲ್ಲಿ ಇನ್ನೂ ತುಸು ಹೆಚ್ಚು, 1,500 ಎಂದುಕೊಳ್ಳಿ.

ಸದ್ದಿನ ವೇಗ ಗೊತ್ತಾದರೆ ಆಳ ಅಳೆಯಲು ಹಗ್ಗ ಬೇಡ. ಮೇಲಿಂದ ಒಂದು ಸದ್ದು ಬಿಡಿ, ತಳಕ್ಕೆ ಬಡಿದು ವಾಪಸು ಬರುವುದನ್ನು ಕಾಯಿರಿ. ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿ ನೋಡಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಆದರೆ ನೀರಿನಲ್ಲಿ ಕಾಯುವ ಹೊತ್ತು ತುಂಬ ಕಮ್ಮಿ. ಕೆಆರ್‌ಎಸ್ ತುಂಬಿದಾಗಿನ ಮಟ್ಟ 124.80 ಅಡಿ ಅಲ್ಲವೇ? ಅಷ್ಟು ಆಳದ ನೀರಿನ ತಳಕ್ಕೆ ಸದ್ದು ಹೋಗಿ ಬರುವುದಕ್ಕೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಸಾಕು. ಮನುಷ್ಯನ ಕಿವಿ ಇದನ್ನು ಬಿಡಿಸಿ ಕೇಳಲಾರದು. ಹಾಗಾಗಿ ತತ್ವ ಗೊತ್ತಿದ್ದರೂ ಯಂತ್ರ ಬರಲು ಸುಮಾರು ತೊಂಬತ್ತು ವರ್ಷ ಹಿಡಿಯಿತು.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಹಿಮಬಂಡೆಗೆ ಬಡಿದು ಮುಳುಗಿತು. ಅದೇ ವರ್ಷ ಇಂಗ್ಲೆಂಡಿನ ರಿಚರ್ಡ್‌ಸನ್, ಮರುವರ್ಷ ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ ಮಾರ್ದನಿಯಿಂದ ಅಳೆಯುವ ಉಪಾಯಗಳಿಗೆ ಪೇಟೆಂಟ್ ಪಡೆದರು. 1914ರಲ್ಲಿ ಫೆಸೆಂಡನ್ ಎಂಬಾತ ಹಡಗಿನಿಂದಲೇ ಹಿಮಬಂಡೆಯ ಮಾರ್ದನಿ ಕೇಳಿಸಿ ತೋರಿಸಿದ. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕಲೇಬೇಕಿತ್ತು, ಹಾಗಾಗಿ ದುಡ್ಡು ಹರಿಯಿತು. ಫ್ರಾನ್ಸಿನ ಪಾಲ್ ಲಾಂಜವೆನ್ ಸ್ಫಟಿಕದ ಚೂರುಗಳನ್ನು ಉಕ್ಕಿನ ತಟ್ಟೆಗಳ ನಡುವೆ ಕೂರಿಸಿ ಕರೆಂಟು ಕೊಟ್ಟ. ತಟ್ಟೆ ನಡುಗಿ ನೀರಿಗೆ ಸದ್ದು ಬಿಟ್ಟಿತು. ವಾಪಸು ಬಂದ ಸದ್ದು ಅದೇ ತಟ್ಟೆಯನ್ನು ನಡುಗಿಸಿದಾಗ ಅದರಿಂದ ಕರೆಂಟು ಹುಟ್ಟಿತು. ಒಂದೇ ವಸ್ತು ಬಾಯಿಯೂ ಹೌದು, ಕಿವಿಯೂ ಹೌದು.

ಇದು ದೂರದ ವಿಜ್ಞಾನ ಅನ್ನಿಸಿದರೆ ಅಡುಗೆಮನೆಗೆ ಹೋಗಿ ಗ್ಯಾಸ್ ಲೈಟರ್ ಒತ್ತಿ ನೋಡಿ. ಟಕ್ ಎಂದು ಕಿಡಿ ಬರುವುದು ಒಳಗಿನ ಇಂಥದೇ ಹರಳಿನ ಮೇಲೆ ಪೆಟ್ಟು ಬಿದ್ದಾಗ. ಕಯಾಕಿನ ಕೆಳಗೆ ನೀರಿನಲ್ಲಿರುವ, ಟ್ರಾನ್ಸ್‌ಡ್ಯೂಸರ್ ಎಂದು ಕರೆಯುವ ಸಣ್ಣ ಕಪ್ಪು ಬಿಲ್ಲೆಯ ಒಳಗಿರುವುದೂ ಈ ಜಾತಿಯದೇ.

ಮೀನು ಕಂಡದ್ದು ಯಾವಾಗ?

ಯುದ್ಧ ಮುಗಿದ ಮೇಲೆ ಹಡಗುಗಳಿಗೆ ಆಳ ಅಳೆಯುವ ಯಂತ್ರ ಬಂತು, ಎಕೋ ಸೌಂಡರ್ ಎಂದು ಹೆಸರಾಯಿತು. ತಳಕ್ಕಿಂತ ಮೇಲೆ, ನಡುನೀರಿನಲ್ಲಿ, ಒಮ್ಮೊಮ್ಮೆ ಯಾವುದೋ ಮಾರ್ದನಿ ಬರುತ್ತಿತ್ತು. 1929ರಲ್ಲಿ ಜಪಾನಿನ ಕಿಮುರಾ ಎಂಬ ವಿಜ್ಞಾನಿ ಮೀನಿನ ಕೊಳದಲ್ಲಿ ಪರೀಕ್ಷೆ ಮಾಡಿ, ಮೀನುಗಳು ಸದ್ದನ್ನು ತಡೆಯುತ್ತವೆ ಎಂದು ತೋರಿಸಿದ. 1935ರಲ್ಲಿ ನಾರ್ವೆಯ ಆಸ್ಕರ್ ಸುಂಡ್ ಕಾಡ್ ಮೀನಿನ ಹಿಂಡು ಕಾಗದದ ಮೇಲೆ ಪದರವಾಗಿ ಮೂಡಿದ ಚಿತ್ರವನ್ನು ಅಚ್ಚುಹಾಕಿಸಿದ.

ಮೀನಿನ ಮೈಯೆಲ್ಲ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ, ಅದರಿಂದ ಸದ್ದು ಅಷ್ಟಾಗಿ ತಿರುಗಿ ಬರುವುದಿಲ್ಲ. ಮೀನು ಹೆಚ್ಚುವಾಗ ಹೊಟ್ಟೆಯೊಳಗೆ ಬೆಳ್ಳಗೆ ಬಲೂನಿನಂಥ ಗಾಳಿಚೀಲ ಸಿಗುತ್ತದಲ್ಲ, ಸದ್ದನ್ನು ಜೋರಾಗಿ ಹಿಂದಕ್ಕೆ ಎಸೆಯುವುದು ಅದು. ಪರದೆಯ ಮೇಲೆ ನಾವು ಬಹುಪಾಲು ಕಾಣುವುದು ಮೀನನ್ನಲ್ಲ, ಅದರ ಹೊಟ್ಟೆಯ ಗಾಳಿಯನ್ನು. ಗಾಳಿಚೀಲವೇ ಇಲ್ಲದ ಶಾರ್ಕ್, ತೊರಕೆಯಂಥ ಮೀನು ಇದಕ್ಕೇ ಮಸುಕಾಗಿ ಕಾಣುತ್ತವೆ.

ಈ ಗಾಳಿಯ ಗುಟ್ಟು ಮೀನುಗಾರರಿಗೆ ಬೇರೆ ದಾರಿಯಲ್ಲಿ ಗೊತ್ತಿತ್ತು. ಜಪಾನಿನ ನಾಗಸಾಕಿ ಸೀಮೆಯಲ್ಲಿ ಕಿಯೋತಾಕಾ ಫುರುನೋ ಎಂಬಾತ ತಮ್ಮನ ಜೊತೆ ದೋಣಿಗಳ ವಿದ್ಯುತ್ ಕೆಲಸ ಮಾಡಿಕೊಂಡಿದ್ದ. ಮೀನಿರುವ ಕಡೆ ನೀರಿನಿಂದ ಗುಳ್ಳೆ ಏಳುತ್ತದೆ ಎಂದು ಮೀನುಗಾರರೊಬ್ಬರು ಅವನಿಗೆ ಹೇಳಿದ್ದರಂತೆ. ಗುಳ್ಳೆ ಇದ್ದರೆ ಸದ್ದು ತಿರುಗಿ ಬರಲೇಬೇಕಲ್ಲ ಎಂದು ಅವನ ತಲೆ ಓಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ನೌಕಾಪಡೆಯ ಹಳೆಯ ಎಕೋ ಸೌಂಡರ್‌ಗಳನ್ನು ಬಿಚ್ಚಿ, ತಿದ್ದಿ, ಮೀನುದೋಣಿಗೆ ಕಟ್ಟಿ ನೋಡಿದರು. 1948ರಲ್ಲಿ ಫುರುನೋ ಅವರ ಮೀನು ಹುಡುಕುವ ಯಂತ್ರ ಮಾರುಕಟ್ಟೆಗೆ ಬಂತು. ಇಡೀ ಕಥೆಯಲ್ಲಿ ನಮಗೆ ಹೆಚ್ಚು ಹಿಡಿಸುವ ಭಾಗ ಇದು. ಹೆಸರಿಲ್ಲದ ಒಬ್ಬ ಮೀನುಗಾರನ ಮಾತು, ರಿಪೇರಿ ಅಂಗಡಿಯವನ ಕಿವಿ.

ಅದು ಇನ್ನೂ ಕಡಲಿನ ಯಂತ್ರ. ಒಳನಾಡಿನ ಸಣ್ಣ ದೋಣಿಗೆ ಅದನ್ನು ತಂದವರು ಅಮೆರಿಕದ ಕಾರ್ಲ್ ಲೋರೆನ್ಸ್ ಮತ್ತವರ ಮಕ್ಕಳು. ಟ್ರಾನ್ಸಿಸ್ಟರ್ ಬಂದ ಕಾಲ, ರೇಡಿಯೋ ಕೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಹಾಗೆ ಇದೂ ಸಣ್ಣದಾಯಿತು. 1959ರಲ್ಲಿ ಅವರು ತಂದ ಪೆಟ್ಟಿಗೆಯನ್ನು ಜನ ‘ಪುಟ್ಟ ಹಸಿರು ಪೆಟ್ಟಿಗೆ’ ಎಂದೇ ಕರೆದರು. ಇವತ್ತಿನ ಕಯಾಕಿನ ಪರದೆ ಅದರ ಮೊಮ್ಮಗ.

ಕಟ್ಟುವುದು, ಕೆಟ್ಟರೆ ನೋಡುವುದು

ಇತಿಹಾಸ ಇಷ್ಟು ಗೊತ್ತಾದರೆ ಕೆಲಸ ಅರ್ಧ ಸಲೀಸು. ಗಾಳಿ ಸದ್ದನ್ನು ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಬಿಲ್ಲೆಗೂ ನೀರಿಗೂ ನಡುವೆ ಗಾಳಿ ಇದ್ದರೆ ಯಂತ್ರ ಕುರುಡು.

ಕಯಾಕಿನಲ್ಲಿ ಎರಡು ಪದ್ಧತಿ. ಒಂದು, ಬಿಲ್ಲೆಯನ್ನು ದೋಣಿಯ ಒಳಗಿನಿಂದ ತಳಕ್ಕೆ ಅಂಟಿಸುವುದು. ಪ್ಲಾಸ್ಟಿಕ್ ಒಂದೇ ಪದರ ಇದ್ದರೆ ಸದ್ದು ಅದರ ಮೂಲಕ ಹಾದುಹೋಗುತ್ತದೆ. ಆದರೆ ಅಂಟಿನಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ನಡುವೆ ಫೋಮ್ ಇರುವ ದೋಣಿಗೆ ಇದು ಆಗುವುದೇ ಇಲ್ಲ, ಫೋಮ್ ಎಂದರೆ ಗಾಳಿಯೇ. ಇನ್ನೊಂದು, ದೋಣಿಯ ಪಕ್ಕಕ್ಕೆ ಒಂದು ಕೋಲು ಕಟ್ಟಿ ಅದರ ತುದಿಯಲ್ಲಿ ಬಿಲ್ಲೆಯನ್ನು ನೀರಿಗಿಳಿಸುವುದು. ಮುಖ ನೇರ ಕೆಳಗೆ ಇರಬೇಕು.

ಹರಿಗೋಲಿಗೂ ಹಾಕಬಹುದು, ಆದರೆ ಎರಡನೇ ಪದ್ಧತಿಯಲ್ಲಿ ಮಾತ್ರ. ಬಿದಿರಿನ ಹೆಣಿಗೆಗೂ ಹೊದಿಕೆಗೂ ನಡುವೆ ಗಾಳಿ ತುಂಬಿರುತ್ತದೆ, ಒಳಗೆ ಅಂಟಿಸಿದರೆ ಏನೂ ಬಾರದು. ಹರಿಗೋಲಿನವರು ಮುಂದೆ ಕೂತು ನೀರನ್ನು ತಮ್ಮ ಕಡೆಗೆ ಎಳೆಯುತ್ತ ಹುಟ್ಟು ಹಾಕುತ್ತಾರೆ, ಗುಳ್ಳೆ ಏಳುವುದು ಅಲ್ಲಿ. ಬಿಲ್ಲೆ ಅದರ ಎದುರು ಬದಿಯಲ್ಲಿ, ನೀರಿನ ಮಟ್ಟದಿಂದ ಒಂದು ಗೇಣು ಕೆಳಗಿರಲಿ.

ಕರೆಂಟಿಗೆ ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿ, ಯುಪಿಎಸ್‌ನಲ್ಲಿ ಇರುತ್ತದಲ್ಲ ಅಂಥ ಮುಚ್ಚಿದ ಸಣ್ಣದು. ನಡುವೆ ಫ್ಯೂಸ್ ಹಾಕದೆ ತಂತಿ ಜೋಡಿಸಬೇಡಿ. ಪರದೆ ಹತ್ತಿ ಹತ್ತಿ ಆರುತ್ತಿದ್ದರೆ ಮೊದಲು ನೋಡಬೇಕಾದ್ದು ಬ್ಯಾಟರಿ ಮತ್ತು ನೀರು ಕುಡಿದು ಕಿಲುಬು ಹಿಡಿದ ತಂತಿಯ ತುದಿ. ಪೆಟ್ಟಿಗೆ ಬಿಚ್ಚುವುದು ಆಮೇಲೆ.

ಪರದೆ ಹತ್ತುತ್ತದೆ, ಆಳ ಮಾತ್ರ ತೋರಿಸುತ್ತಿಲ್ಲ ಎಂದರೆ ಬಿಲ್ಲೆಯ ಮುಖದ ಮೇಲೆ ಗುಳ್ಳೆ ಕೂತಿರಬಹುದು, ಕೈಯಿಂದ ಒರೆಸಿ. ಮನೆಯಲ್ಲಿ ಬಕೆಟ್ ನೀರಿಗೆ ಅದ್ದಿ ನೋಡಿ ಕೆಟ್ಟಿದೆ ಎಂದುಕೊಳ್ಳಬೇಡಿ, ಅಷ್ಟು ಕಡಿಮೆ ನೀರಿನಲ್ಲಿ ಅದು ಅಳೆಯಲಾರದು. ಎಂಟು ಅಡಿ ನೀರನ್ನು ಹದಿನಾರು ಅಡಿ ಎಂದು ತೋರಿಸಿದರೆ ಬೆಚ್ಚಬೇಡಿ. ಕಲ್ಲು ತಳದ ಕಡೆ ಸದ್ದು ತಳಕ್ಕೆ ಬಡಿದು, ಮೇಲ್ಮೈಗೆ ಬಡಿದು, ಇನ್ನೊಮ್ಮೆ ತಳಕ್ಕೆ ಹೋಗಿ ಬರುತ್ತದೆ. ಸೂಕ್ಷ್ಮತೆಯನ್ನು ಕಮ್ಮಿ ಮಾಡಿದರೆ ಸರಿಹೋಗುತ್ತದೆ. ಅನುಮಾನ ಇದ್ದರೆ ಗಳ ಇಳಿಸಿ ನೋಡಿ!

ಹೆಚ್ಚು ಜನ ಮೋಸ ಹೋಗುವುದು ಚಿತ್ರ ಓದುವುದರಲ್ಲಿ. ಪರದೆಯ ಮೇಲೆ ಎಡದಿಂದ ಬಲಕ್ಕೆ ಇರುವುದು ಜಾಗವಲ್ಲ, ಹೊತ್ತು. ಬಲತುದಿ ಈಗಿನದು, ಎಡಕ್ಕೆ ಸರಿದದ್ದೆಲ್ಲ ಆಗಿಹೋದದ್ದು. ದೋಣಿ ನಿಂತಿದ್ದು ಕೆಳಗೆ ಒಂದೇ ಮೀನು ನಿಂತಿದ್ದರೂ ಉದ್ದ ಗೆರೆ ಬರುತ್ತದೆ. ಅದನ್ನು ನೋಡಿ ಮಾರುದ್ದದ ಮೀನು ಎಂದು ಹಿಗ್ಗಿದರೆ ಕೆಟ್ಟಿರಿ. ದೋಣಿ ಮೆಲ್ಲಗೆ ಸಾಗುವಾಗ ಬಿಲ್ಲಿನಂತೆ ಬಾಗಿದ ಗುರುತು ಬಂದರೆ ಮೀನಿರುವ ಸಂಭವ ಹೆಚ್ಚು. ಸದ್ದು ಕೆಳಗೆ ಹೋಗುವುದು ಟಾರ್ಚ್ ಬೆಳಕಿನಂತೆ ಅಗಲವಾಗುತ್ತ. 200 ಕಿಲೋಹರ್ಟ್ಸ್‌ನ 20 ಡಿಗ್ರಿ ಬಿಲ್ಲೆಯಾದರೆ 30 ಅಡಿ ಆಳದಲ್ಲಿ ಅದು ಕೇಳಿಸಿಕೊಳ್ಳುವುದು ಸುಮಾರು ಹತ್ತು ಅಡಿ ಅಗಲದ ವೃತ್ತವನ್ನಷ್ಟೇ. ಅದರಾಚೆ ಹಿಂಡೇ ಇದ್ದರೂ ತಿಳಿಯದು.

ಮೀನಿನ ಚಿತ್ರ ಮೂಡಿಸುವ ಸೌಲಭ್ಯವನ್ನು ಆರಿಸಿಡಿ ಎಂಬುದು ನಮ್ಮ ಸಲಹೆ. ಅದು ಕೊಂಬೆಯನ್ನೂ ಗುಳ್ಳೆಯನ್ನೂ ಮೀನು ಎಂದು ಬಿಡಿಸುತ್ತದೆ. ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಒಣಮರಗಳು ಇವತ್ತಿಗೂ ನಿಂತಿವೆ. ಕೆಆರ್‌ಎಸ್‌ನ ನೀರಿನಡಿ ಹಳೆಯ ಕನ್ನಂಬಾಡಿಯಂಥ ಊರುಗಳೇ ಇವೆ, ಗೋಡೆ, ಕಟ್ಟೆ, ಕಲ್ಲು ಸಮೇತ. ಯಂತ್ರಕ್ಕೆ ಅದೆಲ್ಲ ಒಂದೇ.

ಇಷ್ಟು ಓದಿ ನಾಳೆಯೇ ಹೊರಡುವವರಿಗೆ ಒಂದು ಮಾತು. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ರಂಗನತಿಟ್ಟು ಪಕ್ಷಿಧಾಮ, ಕಬಿನಿ ಹಿನ್ನೀರಿನ ಹುಲಿ ಸಂರಕ್ಷಿತ ಕಾಡಿನ ಅಂಚು, ಇವು ಗಾಳ ಹಾಕುವ ಜಾಗಗಳಲ್ಲ. ಎರಡೂ ಹೊಳೆಯಲ್ಲಿ ಮೊಸಳೆ ಇವೆ, ಅವು ಪರದೆಯ ಮೇಲೆ ಮೊದಲೇ ಹೇಳಿ ಬರುವುದಿಲ್ಲ.

ಮೀನಿಲ್ಲದ ಕಡೆಯೂ ಕೆಲಸ

ಇದೇ ತತ್ವದ ಯಂತ್ರ ರೈತರ ಲೆಕ್ಕಕ್ಕೂ ಬರುತ್ತದೆ. ದೋಣಿಗೆ ಎಕೋ ಸೌಂಡರ್, ಜಿಪಿಎಸ್ ಕಟ್ಟಿ ಜಲಾಶಯದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸುತ್ತಿ ಹೂಳು ಎಷ್ಟು ತುಂಬಿದೆ ಎಂದು ಅಳೆಯುತ್ತಾರೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ. ನಾಲೆಯ ಕೊನೆಯ ಹೊಲಕ್ಕೆ ನೀರು ಬರಲಿಲ್ಲ ಎಂಬ ಜಗಳದ ಹಿಂದೆ ಈ ಅಂಕಿಯೂ ಇದೆ.

ನೋಡುವವರು ಯಾರು?

ಕರಾವಳಿಗೆ ಹೋಗಿ ಬರೋಣ. ಒಂದು ಕಾಲಕ್ಕೆ ಅಲ್ಲಿ ಬಂಗುಡೆ, ಬೂತಾಯಿ ಹಿಡಿಯಲು ರಂಪಣಿ ಬಲೆ ಇತ್ತು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಹಿಂಡು ಬಂದಿದೆ ಎಂದು ಅನುಭವಿಗಳು ಕೂಗಿದರೆ, ದೋಣಿಯಲ್ಲಿ ಬಲೆ ಸುತ್ತಿ, ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. 1960ರ ದಶಕದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದಿಂದ ಕಾರವಾರಕ್ಕೂ ಬಂತು, ಯಂತ್ರದೋಣಿಯ ಹೊಸ ವಿದ್ಯೆಗಳು ಬಂದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಅವು ಹೋಗಿ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು.

ರಂಪಣಿಯನ್ನು ಕೊಂದದ್ದು ಫಿಶ್ ಫೈಂಡರ್ ಎಂದು ನಾವು ಹೇಳುವುದಿಲ್ಲ, ಕೊಂದದ್ದು ಬಲೆ ಮತ್ತು ಇಂಜಿನ್. ಮೊದಮೊದಲು ಪರ್ಸೀನಿನವರೂ ಕಣ್ಣಿನಿಂದಲೇ ಹಿಂಡು ಹುಡುಕುತ್ತಿದ್ದರು. ಆದರೆ ಬರಬರುತ್ತ ಎಕೋ ಸೌಂಡರ್, ಸೋನಾರ್, ಜಿಪಿಎಸ್, ಉಪಗ್ರಹದ ಮಾಹಿತಿ ಎಲ್ಲ ಬೋಟಿಗೆ ಬಂದ ಹಾಗೆ, ಮೀನನ್ನು ಮೊದಲು ಕಾಣುವ ಹಕ್ಕು ದಡದ ಹಿರಿಯನಿಂದ ಬೋಟಿನ ಬಂಡವಾಳಕ್ಕೆ ದಾಟಿತು. ಆಮೇಲೆ ಕಾಣುವುದೂ ಸಾಲದೆ ಎಲ್‌ಇಡಿ ದೀಪ ಹಾಕಿ ಮೀನನ್ನು ಕರೆಯುವುದು ಶುರುವಾಯಿತು. 2017ರಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಬೇಕಾಯಿತು.

ನಮ್ಮ ಜಲಾಶಯಗಳಲ್ಲಿ ಹಾಗೆ ಆಗಿಲ್ಲ. ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುವ ಹರಿಗೋಲಿನವರಿಗೆ ಈ ಪೆಟ್ಟಿಗೆ ಕೊಡುವ ಲಾಭ ಸಣ್ಣದು. ಬಲೆಗೆ ಸಿಕ್ಕಿ ಹರಿಯುವ ಒಣಮರ ಎಲ್ಲಿದೆ ಎಂದು ಗೊತ್ತಾದರೆ ಅದೇ ದೊಡ್ಡ ಉಪಕಾರ. ಆದರೆ ಇದರಿಂದ ಗೊತ್ತಾಗದ ಒಂದು ವಿಷಯ ಇದೆ. ಕೆಳಗಿರುವ ಗುರುತು ಕಟ್ಲಾನೋ, ರೋಹುನೋ, ಜಿಲೇಬಿಯೋ, ಮಹಶೀರೋ ಎಂದು ಅದು ಹೇಳಲಾರದು.

ಕಾವೇರಿಯಲ್ಲಿ ಇದು ಸಣ್ಣ ಮಾತಲ್ಲ. ಗೂನುಬೆನ್ನಿನ ದೊಡ್ಡ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಮೀನು. 1970ರ ದಶಕದಿಂದ ಈಚೆಗೆ ಬೇರೆ ಕಡೆಯಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗದಲ್ಲಿ ಹೆಚ್ಚುತ್ತ ಹೋಯಿತು. ಕಬಿನಿಗೆ 1974ರಲ್ಲಿ ಅಣೆಕಟ್ಟು ಬಂತು. 2018ರಲ್ಲಿ ವಿಜ್ಞಾನಿಗಳು ಗೂನುಬೆನ್ನಿನ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ಹೆಸರನ್ನು ಖಚಿತ ಮಾಡಿದರು. ಅದೇ ವರ್ಷ ಅದು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಒಂದು ಮಹಶೀರ್ ಹೋಗಿ ಇನ್ನೊಂದು ಬಂದರೆ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ, ಅದೇ ಬಿಲ್ಲು, ಅದೇ ಗೆರೆ. ಅದು ಬೆಳಕಿಗೆ ಬಂದದ್ದು ಬರವಣಿಗೆಯಿಂದ. ಕಾವೇರಿಯ ಗಾಲಿಬೋರೆ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ವಾಪಸು ನೀರಿಗೆ ಬಿಡುತ್ತಿದ್ದರು. 1998ರಿಂದ 2012ರ ವರೆಗಿನ ಆ ಲೆಕ್ಕವನ್ನು ಸಂಶೋಧಕರು ಕೂತು ಓದಿದಾಗ, ಸಿಗುವ ಮೀನಿನ ಸಂಖ್ಯೆ ಏರುತ್ತಿದ್ದರೂ ಗೂನುಬೆನ್ನಿನದು ಕಾಣೆಯಾಗುತ್ತಿರುವುದು ಸ್ಪಷ್ಟವಾಯಿತು. ವನ್ಯಧಾಮದೊಳಗಿನ ಆ ಜಾಗದಲ್ಲಿ ಗಾಳ ಹಾಕುವುದು ಅಷ್ಟರಲ್ಲಿ ನಿಂತಿತ್ತು. ಅದರೊಂದಿಗೆ ಲೆಕ್ಕ ಬರೆಯುವುದೂ ನಿಂತಿತು.